ದುಡಿದು ಬಂದ ನೀರು

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ ಮತ್ತು ಯಡೂರಿನ ನಡುವೆ ಹೊಳೆಗೆ ಅಡ್ಡ ಕಟ್ಟಿದ ಬಂದಾರದ ಮೇಲೆ ನಿಂತಿದ್ದೆ. ಹದಿನೈದು ದಿನಗಳಿಂದ ಬಂಡೆಗಲ್ಲು ತೋರಿಸಿಕೊಂಡು ಮಲಗಿದ್ದ ಕೃಷ್ಣೆ ಆವತ್ತು ಬೆಳಗಿನಿಂದ ಸಣ್ಣಗೆ ಉಸಿರಾಡತೊಡಗಿದ್ದಳು. ಕಲ್ಲುಗಳ ನಡುವೆ ನಿಂತಿದ್ದ ಹಸಿರು ಪಾಚಿಯ ಹೊಂಡಗಳು ಒಂದಕ್ಕೊಂದು ಕೂಡಿಕೊಂಡು, ನೀರು ದಂಡೆಯ ಕಡೆಗೆ ಬೆರಳೆರಡು ಬೆರಳು ಏರುತ್ತಿತ್ತು. ಮಳೆಯಿಲ್ಲ, ಮೋಡವಿಲ್ಲ, ಆದರೂ ಹೊಳೆ ಬರುತ್ತಿದೆ!

“ಕೊಯ್ನಾದಿಂದ ಬಿಟ್ಟಾರ್ರೀ” ಎಂದರು, ಪಕ್ಕದಲ್ಲಿ ಮೋಟರ್‌ಸೈಕಲ್ ನಿಲ್ಲಿಸಿಕೊಂಡು ನೋಡುತ್ತಿದ್ದ ಹಿರಿಯರು. ತಲೆಯ ಮೇಲೆ ಟವೆಲ್, ಕೈಯಲ್ಲಿ ಪಂಪ್‌ಸೆಟ್ಟಿನ ಫುಟ್‌ವಾಲ್ವ್. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು: “ಆದ್ರ ಇದು ಕರೆಂಟ್ ತಗದ ನೀರ್ರೀ. ಇದಕ್ಕ ಕಸು ಇರೂದಿಲ್ಲಂತ. ಖರೇ ಏನ್ರೀ?”

“ಹಂಗೇನಿಲ್ಲ ಕಾಕಾ” ಎಂದುಬಿಟ್ಟೆ. ಉತ್ತರ ಕೊಟ್ಟಾದ ಮೇಲೆ ಮನಸ್ಸಿಗೆ ಕಿರಿಕಿರಿ ಶುರುವಾಯಿತು. ಹಾಲಿನಿಂದ ಬೆಣ್ಣೆ ತೆಗೆದರೆ ಉಳಿಯುವುದು ಮಜ್ಜಿಗೆ. ಹಾಗಾದರೆ ನೀರಿನಿಂದ ಕರೆಂಟ್ ತೆಗೆದರೆ ಉಳಿಯುವುದು ಏನು? ಅಸಲಿಗೆ ಈ ನೀರಿನಿಂದ ಕರೆಂಟ್ ತೆಗೆದದ್ದಾದರೂ ಹೌದೇ? ಆ ಒಂದು ಪ್ರಶ್ನೆಯ ಬಾಲ ಹಿಡಿದು ಹೋದವನಿಗೆ, ಹುಟ್ಟಿದಾಗಿನಿಂದ ನೋಡಿದ ಹೊಳೆ ಗುರುತೇ ಸಿಗದಂತೆ ಬೇರೆಯಾಗಿ ಕಂಡಿತು.

ಮೊದಲ ಸುಳಿವು ಒಂದು ಸಂಖ್ಯೆಯಲ್ಲಿತ್ತು: 2100. ಬೇಸಿಗೆಯಲ್ಲಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ‘ಕೊಯ್ನಾದಿಂದ 2100 ಕ್ಯೂಸೆಕ್’ ಎಂಬ ಸುದ್ದಿ ಬಂದರೆ ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿಯ ಹೊಳೆಸಾಲಿನ ಊರುಗಳಿಗೆ ಜೀವ ಬಂದಂತೆ. ಎರಡು ಸಾವಿರ ಅಲ್ಲ, ಎರಡೂವರೆ ಸಾವಿರವೂ ಅಲ್ಲ, ಸರಿಯಾಗಿ ಎರಡು ಸಾವಿರದ ನೂರೇ ಏಕೆ? ಏಕೆಂದರೆ ಕೊಯ್ನಾ ಅಣೆಕಟ್ಟಿನ ಬುಡದಲ್ಲಿ ಒಂದು ಪುಟ್ಟ ವಿದ್ಯುತ್ ಮನೆಯಿದೆ. ಅದರಲ್ಲಿ 20 ಮೆಗಾವ್ಯಾಟಿನ ಎರಡು ಯಂತ್ರಗಳು. ಒಂದು ಯಂತ್ರ ತಿರುಗಿದರೆ 1050 ಕ್ಯೂಸೆಕ್ ನೀರು ಹೊರಗೆ ಬೀಳುತ್ತದೆ, ಎರಡೂ ತಿರುಗಿದರೆ 2100! ನಾವು ಇಷ್ಟು ವರ್ಷ ‘ನೀರು ಬಿಟ್ಟರು’ ಎಂದುಕೊಂಡದ್ದು ಗೇಟು ಎತ್ತಿದ್ದನ್ನಲ್ಲ, ಎರಡು ಚಕ್ರಗಳು ತಿರುಗಿದ್ದನ್ನು.

ಅಂದರೆ ಕಾಕಾ ಹೇಳಿದ್ದು ಅಕ್ಷರಶಃ ನಿಜ. ನನ್ನ ಕಾಲಡಿ ಹರಿಯುತ್ತಿದ್ದ ನೀರು ಉಕ್ಕಿನ ಅಲಗುಗಳ ನಡುವೆ ನುಸುಳಿ, ಚಕ್ರ ತಿರುಗಿಸಿ, ಯಾರದೋ ಮನೆಯ ದೀಪ ಹೊತ್ತಿಸಿ, ಕರಾಡದಲ್ಲಿ ಕೃಷ್ಣೆಯನ್ನು ಕೂಡಿಕೊಂಡು, ಸಾಂಗ್ಲಿ ದಾಟಿ, ರಾಜಾಪುರ ಬ್ಯಾರೇಜ್ ಇಳಿದು ಇಲ್ಲಿಗೆ ಬಂದಿತ್ತು. ದುಡಿದು ಬಂದ ನೀರು ಅದು. ಮಳೆಗಾಲದಲ್ಲಿ ಬರುತ್ತದಲ್ಲ, 2005, 2019, 2021ರಲ್ಲಿ ಬಂದು ನಮ್ಮ ಹೊಲ ಮನೆ ದನದ ಕೊಟ್ಟಿಗೆ ಎಲ್ಲವನ್ನೂ ನುಂಗಿತಲ್ಲ, ಅದರಲ್ಲಿ ಹೆಚ್ಚಿನ ಪಾಲು ಸೋಮಾರಿ ನೀರು, ಒಂದೇ ಒಂದು ಚಕ್ರವನ್ನೂ ತಿರುಗಿಸದ ನೀರು. ಬೇಸಿಗೆಯಲ್ಲಿ ಬಿಂದಿಗೆ ತುಂಬಿಸುವುದು ಮಾತ್ರ ದುಡಿದ ನೀರು.

ಇನ್ನು ಕಸುವಿನ ಮಾತು. ಇಲ್ಲಿಯೇ ನನಗೆ ಮೈ ಜುಮ್ಮೆಂದದ್ದು. ನೀರು ಯಂತ್ರಕ್ಕೆ ಕೊಡುವುದು ತನ್ನ ಸತ್ವವನ್ನಲ್ಲ, ತಾನು ನಿಂತಿದ್ದ ಎತ್ತರವನ್ನು. ಅದಷ್ಟೇ ಅದರ ಬಳಿ ಇರುವ ಬಂಡವಾಳ. ಅದೇ ನೀರು ಸುಮ್ಮನೆ 500 ಮೀಟರ್ ಕೆಳಗೆ ಧುಮುಕಿದ್ದರೆ ಆ ಎತ್ತರವೆಲ್ಲ ಶಾಖವಾಗಿ, ನೀರು ಒಂದು ಡಿಗ್ರಿಗಿಂತ ತುಸು ಹೆಚ್ಚು ಬಿಸಿಯಾಗುತ್ತಿತ್ತು. ಅಷ್ಟೇ! ವಿದ್ಯುತ್ ಮನೆ ಕದಿಯುವುದು ಆ ಒಂದು ಡಿಗ್ರಿಯ ಬಿಸಿಯನ್ನು. ಬೆರಳಿಟ್ಟರೆ ಗೊತ್ತೂ ಆಗದ ಆ ಬಿಸಿಯೇ ನಗರಗಳನ್ನು ಬೆಳಗಿಸುತ್ತದೆ. ಕಬ್ಬಿನ ಬೇರಿಗೆ ಅದರಿಂದ ಆಗುವ ನಷ್ಟ ಸೊನ್ನೆ.

ಎತ್ತರವೇ ಬಂಡವಾಳ ಎಂದು ತಿಳಿದ ಮೇಲೆ ಪೆನ್ನು ಹಿಡಿದು ಲೆಕ್ಕಕ್ಕೆ ಕೂತೆ. ಕೊಯ್ನಾದ ಬುಡದ ಆ ಯಂತ್ರದಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು ಐದೂಕಾಲು ಸಾವಿರ ಲೀಟರ್ ನೀರು ಬೇಕು, ಒಂದು ದೊಡ್ಡ ಟ್ರ್ಯಾಕ್ಟರ್ ಟ್ಯಾಂಕರಿನಷ್ಟು. ಹಿಡಕಲ್ ಡ್ಯಾಮಿನ ಬುಡದಲ್ಲಿ ಅಂಥ ಎರಡು ಟ್ಯಾಂಕರ್. ನಾನು ನಿಂತಿದ್ದ ಬಂದಾರದಂಥ ಕಡೆ, ಮೂರು ಮೀಟರಿನ ಇಳಿತಕ್ಕೆ ಯಂತ್ರ ಕೂಡಿಸಿದರೆ, ಒಂದು ಯೂನಿಟ್ಟಿಗೆ ಒಂದೂಕಾಲು ಲಕ್ಷ ಲೀಟರಿಗೂ ಮಿಕ್ಕಿ ಸುರಿಯಬೇಕು! ನಮ್ಮ ಹೊಳೆ ಇಷ್ಟು ಅಗಲ, ಇಷ್ಟು ಆಳ, ಇಷ್ಟು ನೀರು ಇದ್ದೂ ಈ ನಾಲ್ಕು ತಾಲ್ಲೂಕುಗಳ ಕೃಷ್ಣಾ ದಂಡೆಯಲ್ಲಿ ಒಂದು ದೊಡ್ಡ ಜಲವಿದ್ಯುತ್ ಕೇಂದ್ರ ಏಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ನೀರಿದೆ, ಬೀಳಲು ಜಾಗವಿಲ್ಲ.

ಆದರೆ ಬೀಳಲು ಜಾಗವಿರುವ ಕಡೆ ಅದೇ ನೀರು ಏನು ಮಾಡುತ್ತದೆ ಗೊತ್ತೇ?

ಮಹಾಬಳೇಶ್ವರದ ಪಂಚಗಂಗಾ ಮಂದಿರದಲ್ಲಿ ಐದು ನದಿಗಳು ಒಂದೇ ಗೋಮುಖದಿಂದ ಹೊರಡುತ್ತವೆ ಎಂಬುದು ಭಕ್ತರ ನಂಬಿಕೆ. ಅವುಗಳಲ್ಲಿ ಕೃಷ್ಣೆಯೂ ಕೊಯ್ನೆಯೂ ಅಕ್ಕತಂಗಿಯರು. ಕೃಷ್ಣೆ ಸಹ್ಯಾದ್ರಿಯನ್ನು ಬಿಟ್ಟು ಬಯಲಿಗೆ ಇಳಿದರೆ, ಕೊಯ್ನೆ ಬೆಟ್ಟದ ಬೆನ್ನಿಗೇ ಅಂಟಿಕೊಂಡು ತೆಂಕಣಕ್ಕೆ ಹರಿಯುತ್ತಾಳೆ. ಹೆಳವಾಕ ಎಂಬಲ್ಲಿ ಫಕ್ಕನೆ ಪೂರ್ವಕ್ಕೆ ತಿರುಗಿ ಕರಾಡದ ಪ್ರೀತಿಸಂಗಮದಲ್ಲಿ ಅಕ್ಕನನ್ನು ಎದುರಾಬದುರಾಗಿ ಡಿಕ್ಕಿ ಹೊಡೆದಂತೆ ಕೂಡುತ್ತಾಳೆ. ಆ ತಿರುವಿಗೆ ಮುಂಚೆ, ಬೆಟ್ಟದ ಬೆನ್ನಿಗೆ ಅಂಟಿಕೊಂಡ ಕಣಿವೆಗೆ ಅಡ್ಡವಾಗಿ, 103 ಮೀಟರ್ ಎತ್ತರದ ಅಣೆಕಟ್ಟು. ಅದರ ಹಿಂದೆ ನೂರು ಟಿಎಂಸಿಗೂ ಮಿಕ್ಕಿ ನೀರು ತುಂಬಿಕೊಂಡ ಶಿವಸಾಗರ. ಆ ಕೆರೆಯ ಪಶ್ಚಿಮ ದಂಡೆಯ ಗುಡ್ಡ ಹತ್ತಿ ಆಚೆ ಇಣುಕಿದರೆ? ಪ್ರಪಾತ! ಕೆಲವೇ ಕಿಲೋಮೀಟರ್ ಆಚೆಗೆ, ನೂರಾರು ಮೀಟರ್ ಕೆಳಗೆ, ಕೊಂಕಣ.

ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ಪೂರ್ವಕ್ಕೆ ಹೋಗುವ ನೀರನ್ನು ಬೆಟ್ಟದೊಳಗೆ ಸುರಂಗ ಕೊರೆದು ಪಶ್ಚಿಮಕ್ಕೆ ಬೀಳಿಸುವುದು! ಉಪಾಯ ಹೊಸದೇನಲ್ಲ. ಭೀಮಾ ಕಣಿವೆಯ ನೀರನ್ನು ಹೀಗೇ ಘಟ್ಟದ ಕೆಳಕ್ಕೆ ಕೆಡವಿ ಟಾಟಾದವರು 1915ರಲ್ಲಿ ಖೋಪೋಲಿಯಿಂದ ಮುಂಬಯಿಯ ಗಿರಣಿಗಳಿಗೆ ಕರೆಂಟ್ ಕೊಟ್ಟಿದ್ದರು. ಕೊಯ್ನಾದಲ್ಲಿ ಆದದ್ದು ಅದರ ಹತ್ತಾರು ಪಾಲು ದೊಡ್ಡ ಸಾಹಸ. ಪೋಫಳಿಯ ಯಂತ್ರಗಳು ಕೂತಿರುವುದೇ ಬೆಟ್ಟದ ಹೊಟ್ಟೆಯೊಳಗೆ. 1962ರಲ್ಲಿ ಮೊದಲ ಯಂತ್ರ ತಿರುಗಿತು. ಅಲ್ಲಿ ಬಿದ್ದ ನೀರನ್ನು ಬಿಡದೆ ಕೊಳಕೇವಾಡಿಯಲ್ಲಿ ಇನ್ನೊಂದು ಅಣೆಕಟ್ಟು ಕಟ್ಟಿ ಹಿಡಿದು, ಮತ್ತೊಮ್ಮೆ ಬೀಳಿಸಿ, ಮತ್ತಷ್ಟು ಕರೆಂಟ್. ಆಮೇಲೆ 1000 ಮೆಗಾವ್ಯಾಟಿನ ನಾಲ್ಕನೆಯ ಹಂತ. ಬುಡದ ಆ ಎರಡು ಯಂತ್ರಗಳನ್ನೂ ಸೇರಿಸಿದರೆ ಒಟ್ಟು 1960 ಮೆಗಾವ್ಯಾಟ್.

ಆ ನಾಲ್ಕನೆಯ ಹಂತದ ಕಥೆ ಕೇಳಬೇಕು. ತುಂಬಿದ ಕೆರೆಯ ತಳದಿಂದ ಸುರಂಗಕ್ಕೆ ನೀರು ಬೇಕು. ಕೆರೆ ಖಾಲಿ ಮಾಡುವಂತಿಲ್ಲ, ಮಾಡಿದರೆ ಅರ್ಧ ಮಹಾರಾಷ್ಟ್ರ ಕತ್ತಲು. ಎಂಜಿನಿಯರುಗಳು ಕೆಳಗಿನಿಂದ ಕೊರೆಯುತ್ತಾ ಕೊರೆಯುತ್ತಾ ಕೆರೆಯ ತಳದ ಹತ್ತಿರಕ್ಕೆ ಬಂದು, ಮೇಲೆ ಅಷ್ಟೊಂದು ನೀರನ್ನು ಹೊತ್ತ ಬಂಡೆಯ ಒಂದು ಬಿರಡೆಯನ್ನಷ್ಟೇ ಉಳಿಸಿಕೊಂಡರು. 1999ರ ಮಾರ್ಚ್ 13ರಂದು ಆ ಬಿರಡೆಗೆ ಮದ್ದು ತುಂಬಿ ಸಿಡಿಸಿದರು. ಕೆರೆಗೆ ತಳದಿಂದ ತೂತು! ಮಡಿಕೆಯ ತಳಕ್ಕೆ ಹೊರಗಿನಿಂದ ಮೊಳೆ ಹೊಡೆದಂತೆ. ನೀರು ಸುರಂಗಕ್ಕೆ ನುಗ್ಗಿತು, ಕೆರೆ ಅಲುಗಲಿಲ್ಲ. ಇನ್ನೂ ಕೆಳಮಟ್ಟದ ನೀರನ್ನು ಹಿಡಿಯಲು 2012ರ ಏಪ್ರಿಲ್ 25ರಂದು ಅದನ್ನೇ ಮತ್ತೊಮ್ಮೆ ಮಾಡಿದರು. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ ಎಂದರೆ ನಗಬೇಡಿ.

ಹೀಗೆ ಪಶ್ಚಿಮಕ್ಕೆ ಬೀಳುವ ನೀರಿನ ಮೊದಲ ಇಳಿತದಲ್ಲೇ ಒಂದು ಯೂನಿಟ್ಟಿಗೆ ಎಷ್ಟು ಲೀಟರ್ ಬೇಕು? ಒಂದು ಸಾವಿರವೂ ಬೇಡ! ಐದೂಕಾಲು ಸಾವಿರ ಎಲ್ಲಿ, ಒಂಬೈನೂರರ ಆಸುಪಾಸು ಎಲ್ಲಿ. ಅದೇ ಕೆರೆ, ಅದೇ ನೀರು. ಪೂರ್ವದ ಬಾಗಿಲಿನಿಂದ ಬಿಟ್ಟರೆ ಒಂದು ರೊಟ್ಟಿ, ಪಶ್ಚಿಮದ ಬಾಗಿಲಿನಿಂದ ಬಿಟ್ಟರೆ ಆರು.

ಪಶ್ಚಿಮಕ್ಕೆ ಬಿದ್ದ ನೀರು ತಿರುಗಿ ಬರುವುದಿಲ್ಲ. ಅದು ವಾಶಿಷ್ಠಿ ನದಿಗೆ ಸೇರಿ, ಚಿಪಳೂಣದ ಪಕ್ಕದಲ್ಲಿ ಹಾದು, ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಬಂಗಾಳ ಕೊಲ್ಲಿಗೆಂದು ಹೊರಟವಳು ಅರಬ್ಬಿ ಸಮುದ್ರದ ಪಾಲು! ಹೀಗೆ ಹೋಗಬಹುದಾದ ನೀರಿಗೆ, ಕೃಷ್ಣೆಯ ನೀರನ್ನು ಹಂಚಿದ ಬಚಾವತ್ ನ್ಯಾಯಾಧಿಕರಣ ಇಟ್ಟ ಮಿತಿ ವರ್ಷಕ್ಕೆ 67.5 ಟಿಎಂಸಿ. ನಮ್ಮ ಹಿಡಕಲ್ ಜಲಾಶಯ ಕಂಠಪೂರ್ತಿ ತುಂಬಿದರೆ 51. ಒಂದಿಡೀ ಹಿಡಕಲ್ ಮತ್ತು ಅದರ ಮೇಲೆ ಮತ್ತಷ್ಟು, ಪ್ರತಿ ವರ್ಷ, ಬೆಟ್ಟದೊಳಗಿಂದ ಆ ಕಡೆ! ಪ್ರತಿ ಬೇಸಿಗೆಯಲ್ಲಿ ಎರಡು ಟಿಎಂಸಿ ಬಿಡಿ, ಮೂರು ಬಿಡಿ ಎಂದು ಬೆಂಗಳೂರಿನಿಂದ ಮುಂಬಯಿಗೆ ಪತ್ರ ಹೋಗುವುದು, ಬದಲಿಗೆ ಮಹಾರಾಷ್ಟ್ರದ ಜತ್ತ ಕಡೆಗೆ ನೀರು ಕೊಡಿ ಎಂಬ ಮಾತು ಬರುವುದು, ಈ ಎಲ್ಲ ಹಗ್ಗಜಗ್ಗಾಟದ ಬುಡದಲ್ಲಿ ಇರುವುದು ಆರು ರೊಟ್ಟಿ ಮತ್ತು ಒಂದು ರೊಟ್ಟಿಯ ಈ ಲೆಕ್ಕವೂ ಹೌದು. ರಾಜಕಾರಣಿಗಳು ಭಾಷಣದಲ್ಲಿ ಇದನ್ನು ಹೇಳುವುದಿಲ್ಲ. ಹೇಳಿದ್ದರೆ ಜಗಳ ಕಡಿಮೆಯಾಗುತ್ತಿರಲಿಲ್ಲ ನಿಜ, ಆದರೆ ಜಗಳ ಯಾತರದ್ದು ಎಂದಾದರೂ ನಮಗೆ ತಿಳಿಯುತ್ತಿತ್ತು.

ನಿಪ್ಪಾಣಿಯ ಕಡೆಗೆ ಹೊರಳಿದರೆ ಅಲ್ಲೂ ಇದೇ ಸೋಜಿಗ. ದೂಧಗಂಗೆಯ ಮೇಲೆ ಕಾಳಮ್ಮವಾಡಿಯಲ್ಲಿ ಎರಡೂ ರಾಜ್ಯಗಳ ಪಾಲಿರುವ ಅಣೆಕಟ್ಟು, ಅದರ ಬುಡದಲ್ಲಿ 24 ಮೆಗಾವ್ಯಾಟ್. ಕಾರದಗಾ–ಭೋಜ ಬಂದಾರದ ಬಳಿ ಎಮ್ಮೆ ಮೈತೊಳೆಯುವ ಹುಡುಗನಿಗೆ, ಈ ನೀರು ಮೇಲೆಲ್ಲೋ ಚಕ್ರ ತಿರುಗಿಸಿ ಬಂದದ್ದೆಂದು ಹೇಳಿದರೆ ನಂಬಿಯಾನೇ? ಇನ್ನು ಭೋಗಾವತಿಯ ಮೇಲೆ ರಾಧಾನಗರಿ. ಕೊಲ್ಹಾಪುರದ ಶಾಹು ಮಹಾರಾಜರು ಕಂಡ ಕನಸು ಅದು, ಪೂರ್ತಿಯಾಗಿ ಕೈಗೂಡಿದ್ದು ಸ್ವಾತಂತ್ರ್ಯದ ನಂತರ. ಅದರ ಏಳು ಗೇಟುಗಳನ್ನು ಯಾರೂ ಎತ್ತುವುದಿಲ್ಲ, ನೀರು ಮಟ್ಟ ಮುಟ್ಟಿದಾಗ ತಾವಾಗಿಯೇ ಬಾಯಿ ತೆರೆಯುತ್ತವೆ! ಅಲ್ಲಿಯ ವಿದ್ಯುತ್ ಮನೆ ಪುಟ್ಟದು, ಆಟಿಕೆಯಂಥದ್ದು. ಆದರೂ ಜುಲೈ ತಿಂಗಳಲ್ಲಿ ನಮ್ಮ ಕಡೆಯವರೆಲ್ಲ ಮೊಬೈಲಿನಲ್ಲಿ ಮೊದಲು ನೋಡುವುದು ಅದೇ ಸುದ್ದಿ: ರಾಧಾನಗರಿಯ ಗೇಟು ತೆರೆಯಿತೇ, ಇನ್ನೂ ವಿದ್ಯುತ್ ಮನೆಯಿಂದಷ್ಟೇ ನೀರು ಬರುತ್ತಿದೆಯೇ? ವಿದ್ಯುತ್ ಮನೆ ಎಂದಿದ್ದರೆ ನೆಮ್ಮದಿಯ ನಿಟ್ಟುಸಿರು. ಗೇಟು ಎಂದಿದ್ದರೆ ನಮ್ಮ ಹೊಳೆಯ ಬಂದಾರಗಳು ಮುಳುಗಿದವು ಎಂಬ ಪಟ್ಟಿ ಎದುರು ನೋಡುವುದು.

ಮೇಲೆಲ್ಲ ಇಷ್ಟು ಬಿದ್ದ ನೀರು ನಮ್ಮಲ್ಲಿಗೆ ಬಂದು ನೆಲಕ್ಕೆ ಒರಗುತ್ತದೆ. ಎಷ್ಟು ಮಟ್ಟಸ ಈ ನೆಲ ಎಂಬುದಕ್ಕೆ ಆಲಮಟ್ಟಿಯ ಜಗಳವೇ ಸಾಕ್ಷಿ. ಅದರ ಈಗಿನ ಮಟ್ಟ 519.60 ಮೀಟರ್, ಎರಡನೆಯ ನ್ಯಾಯಾಧಿಕರಣ ಅನುಮತಿಸಿದ್ದು 524.256. ಆ ನಾಲ್ಕೂವರೆ ಮೀಟರ್ ಏರಿಸುತ್ತೇವೆ ಎಂದರೆ ಅಷ್ಟು ದೂರದ ಸಾಂಗ್ಲಿಯವರು ಬೆಚ್ಚಿಬೀಳುತ್ತಾರೆ! ಅವರ ಭಯ ಎಷ್ಟು ಸರಿ ಎಂಬ ವಾದ ಬೇರೆ. ಆದರೆ ಇಂಥ ಭಯ ಹುಟ್ಟುವುದೇ ತಟ್ಟೆಯಂಥ ನೆಲದಲ್ಲಿ. ಕಲ್ಲೋಳ, ಕುಡಚಿ, ಉಗಾರ, ಐನಾಪುರ, ಹಿಪ್ಪರಗಿ ದಾಟಿ ಹೋದ ನೀರು ಆಲಮಟ್ಟಿಯಲ್ಲಿ ಮತ್ತೆ ಎತ್ತರ ಗಳಿಸಿಕೊಂಡು ಕಾಯುತ್ತದೆ. ಅಲ್ಲಿ 55ರ ಐದು ಮತ್ತು 15ರ ಒಂದು, ಒಟ್ಟು 290 ಮೆಗಾವ್ಯಾಟ್. ಪಕ್ಕದ ಕೂಡಗಿಯ ಕಲ್ಲಿದ್ದಲ ಸ್ಥಾವರವೂ ದಾಹಕ್ಕೆ ಕುಡಿಯುವುದು ಇದೇ ಜಲಾಶಯದ ನೀರನ್ನು. ಮುಂದೆ ಶ್ರೀಶೈಲ, ನಾಗಾರ್ಜುನಸಾಗರ. ಮೆಟ್ಟಿಲುಗಳ ನಡುವಿನ ಒಂದು ಉದ್ದನೆಯ ಜಗುಲಿ ನಾವು. ನೀರು ಇಲ್ಲಿ ಕೂತು ಬೆವರು ಒರೆಸಿಕೊಂಡು ಮತ್ತೆ ಕೆಲಸಕ್ಕೆ ಎದ್ದು ಹೋಗುತ್ತದೆ.

ರಾಯಬಾಗದ ಹಾರೂಗೇರಿ, ಮುಗಳಖೋಡದ ಕಡೆಯವರು ಇಷ್ಟು ಹೊತ್ತಿಗೆ ತಕರಾರು ತೆಗೆದಿರುತ್ತಾರೆ: ‘ನಮ್ಮ ನೀರು ಕೃಷ್ಣೆಯದಲ್ಲ, ಘಟಪ್ರಭೆಯದು!’ ಹೌದು, ಅದರ ದಾರಿ ಇನ್ನೂ ಸೊಗಸು. ಹಿಡಕಲ್ ಅಣೆಕಟ್ಟಿನ ಬುಡದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 16 ಮೆಗಾವ್ಯಾಟಿನ ಎರಡು ಯಂತ್ರಗಳಿವೆ. ಅವನ್ನು ತಿರುಗಿಸಿದ ನೀರು ಹೊಳೆಗಿಳಿದು ಧೂಪದಾಳದ ಹಳೆಯ ಕಲ್ಲಿನ ಒಡ್ಡಿಗೆ ಬಂದು, ಅಲ್ಲಿಂದ ಎಡದಂಡೆ ಕಾಲುವೆ ಹಿಡಿದು ರಾಯಬಾಗದ ಕಬ್ಬಿಗೆ ಹೋಗುತ್ತದೆ. ರೈತರಿಗೆ ನೀರು ಬೇಕಾದಾಗ ಕರೆಂಟ್ ಹುಟ್ಟುತ್ತದೆ, ಬೇಡವಾದಾಗ ಯಂತ್ರ ಸುಮ್ಮನೆ ಕೂರುತ್ತದೆ. ಕೊಯ್ನಾದಲ್ಲಿ ಕರೆಂಟಿನ ಹಿಂದೆ ನೀರು, ಇಲ್ಲಿ ನೀರಿನ ಹಿಂದೆ ಕರೆಂಟ್!

ಧೂಪದಾಳ ದಾಟಿದ ಘಟಪ್ರಭೆ ಹೋಗಿ ಧುಮುಕುವುದು ಎಲ್ಲಿಗೆ? ಗೋಕಾಕಕ್ಕೆ. 52 ಮೀಟರ್ ಆಳಕ್ಕೆ. ತೂಗುಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವ ಜನ ಎಡಕ್ಕೆ ಜಲಪಾತ ನೋಡುತ್ತಾರೆ, ಬಲಕ್ಕೆ ಗುಡಿ ನೋಡುತ್ತಾರೆ, ಕೆಳಗೆ ಕಣಿವೆಯ ಬುಡದಲ್ಲಿ ಇರುವ ವಿದ್ಯುತ್ ಮನೆಯನ್ನು ಮಾತ್ರ ಯಾರೂ ನೋಡುವುದಿಲ್ಲ. ಹತ್ತಾರು ಸಲ ಹೋದ ನಾನೂ ನೋಡಿರಲಿಲ್ಲ. ನೂಲಿನ ಗಿರಣಿ ಹುಟ್ಟಿದ್ದೇ ಈ ನೀರಿನ ಬಲದ ಆಸೆಗೆ. ಇಲ್ಲಿ ಮೊದಲ ಬಾರಿಗೆ ಕರೆಂಟ್ ಹುಟ್ಟಿದ್ದು 1887ರಲ್ಲಿ ಎಂಬುದು ಗೋಕಾಕದವರು ಎದೆಯುಬ್ಬಿಸಿ ಹೇಳಿಕೊಂಡು ಬಂದ ಮಾತು. ಅಮೆರಿಕದ ಆಪಲ್ಟನ್ ಎಂಬ ಊರಿನಲ್ಲಿ ನದಿಯಿಂದ ದೀಪ ಹೊತ್ತಿಸಿ ಲೋಕವನ್ನು ಬೆರಗುಗೊಳಿಸಿದ್ದು 1882ರಲ್ಲಿ. ನಡುವೆ ಬರೀ ಐದು ವರ್ಷ! ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಶಿವನಸಮುದ್ರ ಬಂದದ್ದು 1902ರಲ್ಲಿ. ಶಿವನಸಮುದ್ರ ನಮ್ಮ ಪಠ್ಯಪುಸ್ತಕಗಳಲ್ಲಿದೆ, ಗೋಕಾಕದ ಈ ಮಾತು ನಮ್ಮ ಶಾಲೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಯುರಿ.

ಕೊನೆಯ ಬೆರಗು ಬಂದಾರದ ಮೇಲಿನ ಆ ಕಾಕಾರ ಕೈಯಲ್ಲೇ ಇತ್ತು, ಆ ಫುಟ್‌ವಾಲ್ವಿನಲ್ಲಿ. ಕಲ್ಲೋಳದಿಂದ ಅಥಣಿಯ ಮಡ್ಡಿಯವರೆಗೆ ಹೊಳೆಯ ಎರಡೂ ದಂಡೆಗೆ ಎಣಿಸಲಾರದಷ್ಟು ಪಂಪ್‌ಸೆಟ್ಟುಗಳು, ಅವುಗಳ ಮೇಲೆ ಸರ್ಕಾರದ ದೊಡ್ಡ ಏತ ನೀರಾವರಿಗಳು. ಕೊಯ್ನಾದಲ್ಲಿ ನೀರು ಬಿದ್ದು ಕರೆಂಟ್ ಆಗುತ್ತದೆ, ಇಲ್ಲಿ ಕರೆಂಟ್ ಎದ್ದು ನೀರನ್ನು ಎತ್ತುತ್ತದೆ. ಐದು ಎಚ್‌ಪಿ ಮೋಟರ್ ಒಂದು ತಾಸು ಓಡಲು ನಾಲ್ಕು ಯೂನಿಟ್. ದಾರಿಯಲ್ಲಿ ಸೋರಿದ್ದನ್ನೂ ಹಿಡಿದರೆ, ಸಹ್ಯಾದ್ರಿಯ ಪಶ್ಚಿಮಕ್ಕೆ ಬಿದ್ದ ನಾಲ್ಕು ಸಾವಿರ ಲೀಟರಿನ ಫಲ. ಅಷ್ಟರಿಂದ ಇಲ್ಲಿ 20 ಮೀಟರ್ ಮೇಲಕ್ಕೆ ಏರುವುದು ಎಷ್ಟು? ಮೂವತ್ತು ಸಾವಿರ ಲೀಟರಿಗೂ ಹೆಚ್ಚು! ಅಲ್ಲಿ ಒಂದು ಟ್ಯಾಂಕರ್ ಬಿದ್ದರೆ ಇಲ್ಲಿ ಏಳೆಂಟು ಟ್ಯಾಂಕರ್ ಎದ್ದು ಕಬ್ಬಿನ ಸಾಲಿಗೆ ನಡೆಯುತ್ತವೆ. ಆ ಕಬ್ಬು ಹಂಗಾಮಿನಲ್ಲಿ ಉಗಾರಕ್ಕೋ ಇನ್ನೊಂದು ಕಾರ್ಖಾನೆಗೋ ಹೋಗಿ, ರಸ ಹಿಂಡಿದ ಮೇಲೆ ಉಳಿದ ಸಿಪ್ಪೆ ಬಾಯ್ಲರಿಗೆ ಬಿದ್ದು ಮತ್ತೆ ಕರೆಂಟ್ ಆಗುತ್ತದೆ. ಬೀಳಲು ಜಾಗ ಸಿಗದ ನೀರು ಕಬ್ಬಾಗಿ ನಿಂತು, ಉರಿದು ಬೆಳಕಾಗುವ ದಾರಿ ಕಂಡುಕೊಂಡಿದೆ.

ಕೊಯ್ನಾದ ಕರೆಂಟಿಗೂ ನಮ್ಮ ಮೋಟರಿಗೂ ಏನು ನಂಟು, ಅದು ಆ ರಾಜ್ಯ ಇದು ಈ ರಾಜ್ಯ ಎನ್ನಬಹುದು. ನಾನೂ ಹಾಗೇ ಎಂದುಕೊಂಡಿದ್ದೆ. ದೇಶದ ವಿದ್ಯುತ್ ಜಾಲದ ದಿನನಿತ್ಯದ ವರದಿಯನ್ನು ತೆರೆಯುವವರೆಗೆ. ಪಶ್ಚಿಮ ಭಾರತವನ್ನೂ ದಕ್ಷಿಣ ಭಾರತವನ್ನೂ ಬೆಸೆಯುವ ತಂತಿಗಳು ಅದರಲ್ಲಿ ಬೆರಳೆಣಿಕೆಯಷ್ಟು. ಸೊಲ್ಲಾಪುರ–ರಾಯಚೂರು ಇದೆ. 2013ರ ಡಿಸೆಂಬರ್ 31ರಂದು ಅದು ಕೂಡಿಕೊಂಡಾಗಲೇ ದಕ್ಷಿಣದ ಜಾಲ ಉಳಿದ ದೇಶದೊಂದಿಗೆ ಒಂದೇ ತಾಳಕ್ಕೆ ಮಿಡಿಯತೊಡಗಿದ್ದು. ಕೊಲ್ಹಾಪುರ–ಕೂಡಗಿ ಇದೆ. ಅದರ ಕೆಳಗೆ ಒಂದು ಸಾಲು: 220 ಕೆವಿ, ಕೊಲ್ಹಾಪುರ–ಚಿಕ್ಕೋಡಿ.

ಚಿಕ್ಕೋಡಿ! ನಮ್ಮ ಚಿಕ್ಕೋಡಿ! ದಿಲ್ಲಿಯ ಕಾಗದದಲ್ಲಿ, ಪ್ರತಿದಿನ!

ಕೂಡಲೇ ಅದನ್ನು ಯಾರಿಗಾದರೂ ಹೇಳಬೇಕೆನಿಸಿತು. ಮುಂದಿನ ವಾರ ಮತ್ತೆ ಕಲ್ಲೋಳಕ್ಕೆ ಹೋದೆ. ಕತ್ತಲಾಗಿತ್ತು. ಕಾಕಾ ಹೊಲದ ಬದುವಿನ ಮೇಲೆ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲಿ ಕೂತು ತ್ರೀ ಫೇಸಿಗೆ ಕಾಯುತ್ತಿದ್ದರು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ: 2100, ಎರಡು ಚಕ್ರ, ಒಂದು ಡಿಗ್ರಿ, ಆರು ರೊಟ್ಟಿ, ಕೆರೆಯ ತಳಕ್ಕೆ ಹೊಡೆದ ತೂತು, ತಂತಿ. ತಾಳ್ಮೆಯಿಂದ ಕೇಳಿದರು.

“ಅಂದ್ರ ಕಸು ಹೋಗಿಲ್ಲ?”

“ಇಲ್ಲ ಕಾಕಾ. ಬರೇ ಎತ್ತರ ಹೋಗೇತಿ.”

ಅಷ್ಟರಲ್ಲಿ ಪೆಟ್ಟಿಗೆಯ ಮೇಲಿನ ಮೂರು ಕೆಂಪು ದೀಪ ಒಮ್ಮೆಲೇ ಹೊತ್ತಿದವು. ಕಾಕಾ ಎದ್ದು ಹಸಿರು ಗುಂಡಿ ಒತ್ತಿದರು. ಹೊಳೆಯ ಕಡೆ ಮೋಟರ್ ಗುಂಯ್ ಎಂದಿತು, ಪೈಪು ಎರಡು ಸಲ ಕೆಮ್ಮಿತು. “ಎತ್ತರ ನಾವ ಕೊಡೂಣ ತಗೋ ಅದಕ್ಕ” ಎಂದು ಬ್ಯಾಟರಿ ಹಚ್ಚಿಕೊಂಡು ಮೇಲಿನ ಪಟ್ಟಿಯ ಕಡೆ ನಡೆದರು. ನೀರು ಅವರಿಗಿಂತ ಮೊದಲೇ ಅಲ್ಲಿ ಮುಟ್ಟಿತ್ತು.